ದೋಣಿ: ಸ್ವಂತಕ್ಕೋ, ಬಾಡಿಗೆಗೋ?

ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ಊರಿನಿಂದ ಬರುವ ಬೇಡಿಕೆಗಳು ಹಲವು ಬಗೆಯವು. ಮಾಡಿನ ಹಂಚು ಬದಲಿಸಬೇಕು, ಬಾವಿಯ ಕಟ್ಟೆ ಕುಸಿದಿದೆ, ತಂಗಿಯ ಮದುವೆಗೆ ಮುಹೂರ್ತ ಗೊತ್ತಾಗಿದೆ ಎಂಬಂತಹವು ಎಲ್ಲರಿಗೂ ಪರಿಚಿತವಾದವು. ಆದರೆ ಕರಾವಳಿಯ ಹೊಳೆಯ ದಡದಿಂದ ಬಂದವರಿಗೆ ಇವುಗಳ ಜೊತೆಗೆ ಇನ್ನೊಂದು ಬೇಡಿಕೆಯೂ ಬರುವುದುಂಟು. "ಅಣ್ಣಯ್ಯ, ಇಲ್ಲೊಂದು ದೋಣಿ ಮಾರಾಟಕ್ಕಿದೆ. ಎಷ್ಟು ಕಾಲವೆಂದು ಬಾಡಿಗೆ ಕೊಡುತ್ತ ಇರುವುದು? ನೀನು ಮನಸ್ಸು ಮಾಡಿದರೆ ನಮ್ಮದೇ ಆಗುತ್ತದೆ." ಈ ಮಾತು ಕಾಗದದಲ್ಲಿ ಬಂದರೂ ಒಂದೇ, ದೂರವಾಣಿಯಲ್ಲಿ ಬಂದರೂ ಒಂದೇ; ಕೇಳಿದವನ ಆ ರಾತ್ರಿಯ ನಿದ್ದೆ ಕೆಡುವುದು ಮಾತ್ರ ನಿಶ್ಚಯ.

ಏಕೆಂದರೆ ಈ ಹಣವು ಸುಲಭವಾಗಿ ಬಂದುದಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಒಲೆಯ ಮುಂದೆ ನಿಂತವರ, ಗಲ್ಲೆಯ ಹಿಂದೆ ಕುಳಿತು ಸೊಂಟ ಹಿಡಿಸಿಕೊಂಡವರ, ಕಛೇರಿಯ ಕಡತಗಳಲ್ಲಿ ಕಣ್ಣು ಸವೆಸಿದವರ ಹಣವದು. 'ಇಲ್ಲ' ಎಂದರೆ ತಮ್ಮನ ಮನಸ್ಸು ಮುರಿಯುತ್ತದೆ. 'ಆಗಲಿ' ಎಂದರೆ ಗಂಟು ಕರಗುತ್ತದೆ. ಈ ಎರಡರ ನಡುವೆ ಸಿಕ್ಕಿದವರಿಗೆ ಪ್ರಯೋಜನವಾದೀತೆಂದು ದೋಣಿಯ ವಿಷಯವನ್ನು ಸಾದ್ಯಂತವಾಗಿ ವಿಚಾರಿಸಿ ನೋಡಲು ನಾವು ಇಲ್ಲಿ ಪ್ರಯತ್ನಿಸಿದ್ದೇವೆ.

ಬಾಡಿಗೆಗೂ ಒಡೆತನಕ್ಕೂ ಇರುವ ಅಂತರವನ್ನು ಮುಂಬಯಿಯ ಕನ್ನಡಿಗನಿಗೆ ಹೊಸದಾಗಿ ಕಲಿಸಬೇಕಾದುದೇನೂ ಇಲ್ಲ. ಪಗಡಿ ಕೊಟ್ಟು ಚಾಳಿನ ಖೋಲಿ ಹಿಡಿದವರು ನಮ್ಮಲ್ಲಿದ್ದಾರೆ. ಒಡೆಯನಿಗೆ ತಿಂಗಳಿಗಿಷ್ಟೆಂದು ಕೊಟ್ಟು 'ಕಂಡಕ್ಟಿಂಗ್' ಮೇಲೆ ಹೋಟೆಲು ನಡೆಸಿದವರೂ ಇದ್ದಾರೆ. ಇನ್ನೊಬ್ಬರ ವಸ್ತುವಿನಿಂದ ದುಡಿಯುವುದರ ಹಗುರವೇನು, ಅದರ ಅಭದ್ರತೆಯೇನು ಎಂಬುದನ್ನು ಅವರು ಅನುಭವದಿಂದ ಬಲ್ಲರು. ಆದರೆ ದೋಣಿಯು ಖೋಲಿಯಂತಲ್ಲ. ಖೋಲಿಯ ಬೆಲೆ ವರುಷ ವರುಷವೂ ಏರುತ್ತದೆ. ದೋಣಿಯ ಬೆಲೆ ನೀರಿಗಿಳಿದ ದಿನದಿಂದಲೇ ಇಳಿಯುತ್ತದೆ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ವಿಚಾರಕ್ಕೆ ತೊಡಗಬೇಕು.

ಯಾವ ಕೆಲಸಕ್ಕೆ?

ನಾವಿಲ್ಲಿ ಹೇಳುತ್ತಿರುವುದು ಕಡಲಿಗಿಳಿಯುವ ದೊಡ್ಡ ಯಂತ್ರದೋಣಿಗಳ ವಿಷಯವನ್ನಲ್ಲ. ಒಬ್ಬಿಬ್ಬರು ಹುಟ್ಟು ಹಾಕಿಯೋ ಜಲ್ಲೆ ಊರಿಯೋ ನಡೆಸುವ ಸಣ್ಣ ನಾಡದೋಣಿಯನ್ನು ಕುರಿತು. ನೇತ್ರಾವತಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಕಾಳಿ ಮೊದಲಾದ ನದಿಗಳು ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತವೆ. ಗಂಗೊಳ್ಳಿಯ ಬಳಿಯಲ್ಲಂತೂ ಐದು ನದಿಗಳು ಕೂಡಿ ಪಂಚಗಂಗಾವಳಿಯೆಂಬ ಹೆಸರನ್ನೇ ಪಡೆದಿವೆ. ಕಣ್ಣಳತೆಯಲ್ಲೇ ಎದುರುಬದುರಾಗಿರುವ ಕುಂದಾಪುರ, ಗಂಗೊಳ್ಳಿಗಳ ನಡುವೆ ರಸ್ತೆಯು ಸುತ್ತುಬಳಸಿ ಹೋಗುತ್ತದೆ. ನೀರಿನ ನಡುವೆ ಕುದ್ರುಗಳಿವೆ, ಕುದ್ರುಗಳಲ್ಲಿ ಮನೆಗಳಿವೆ. ಇಂತಹ ಕಡೆ ದೋಣಿಯು ಮನೆಯ ಹೊಸ್ತಿಲಿನಷ್ಟೇ ಸಹಜವಾದ ವಸ್ತು.

ದೋಣಿಯಿಂದಾಗುವ ಕೆಲಸಗಳನ್ನು ಸ್ಥೂಲವಾಗಿ ನಾಲ್ಕು ವಿಧವಾಗಿ ವಿಂಗಡಿಸಬಹುದು. ಮೊದಲನೆಯದು, ಮನೆಮಂದಿಯ ಹೋಗುಬರುವಿಕೆ: ಮಕ್ಕಳ ಶಾಲೆ, ರೋಗಿಗಳ ಆಸ್ಪತ್ರೆ, ಹಾಲು, ಪಡಿತರ. ಎರಡನೆಯದು, ಸಾಗಾಟ: ತೆಂಗಿನಕಾಯಿ, ಬೈಹುಲ್ಲು, ಗೊಬ್ಬರ, ಮನೆ ಕಟ್ಟುವ ಕಲ್ಲು. ಮೂರನೆಯದು, ಹೊಳೆಮೀನು ಹಿಡಿಯುವುದು ಮತ್ತು ಚಿಪ್ಪಿಕಲ್ಲು ತೆಗೆಯುವುದು. ತುಳುನಾಡಿನಲ್ಲಿ ಮರುವಾಯಿಯೆಂದೂ ಉತ್ತರ ಕನ್ನಡದಲ್ಲಿ ಬಳಚೆಂದೂ ಕರೆಯುವ ಈ ಚಿಪ್ಪಿಗೆ ಅಘನಾಶಿನಿಯ ಅಳಿವೆಯು ಹೆಸರಾಂತ ಸ್ಥಳ. ನಾಲ್ಕನೆಯದು, ಈಚಿನ ವರುಷಗಳಲ್ಲಿ ಬಂದದ್ದು: ಪ್ರವಾಸಿಗಳನ್ನು ಕುಳ್ಳಿರಿಸಿಕೊಂಡು ಹಿನ್ನೀರು, ಕಾಂಡ್ಲಾ ಗಿಡಗಳ ಸಾಲು ತೋರಿಸಿ ತರುವುದು.

ತಮ್ಮನು "ದೋಣಿ ಬೇಕು" ಎಂದಾಗ, ಈ ನಾಲ್ಕರಲ್ಲಿ ಯಾವುದಕ್ಕೆ ಎಂದು ಮೊದಲು ಕೇಳಬೇಕು. "ಎಲ್ಲದಕ್ಕೂ" ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಬೇಕು. ಉತ್ತರವು ಇದರಲ್ಲೇ ಅರ್ಧ ಅಡಗಿದೆ.

ಹೊಳೆಯ ಗಡಿಯಾರ

ಹೇಗೆಂದರೆ, ಹೊಳೆಗೆ ತನ್ನದೇ ಆದ ಗಡಿಯಾರವಿದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು ೫೦ ನಿಮಿಷಗಳಷ್ಟು ಹಿಂದೆ ಬೀಳುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಚಿಪ್ಪಿ ತೆಗೆಯುವವರು ಇಳಿತದ ಹೊತ್ತಿಗೇ ಹೋಗಬೇಕು. ಆ ಹೊತ್ತು ತಮ್ಮನಿಗೊಬ್ಬನಿಗೆ ಬರುವುದಿಲ್ಲ; ಇಡೀ ಕೇರಿಗೆ ಒಟ್ಟಿಗೇ ಬರುತ್ತದೆ. ದೋಣಿಯ ಒಡೆಯನೂ ಅದೇ ಕಸುಬಿನವನಾದರೆ, ಬಾಡಿಗೆಯವನಿಗೆ ದೋಣಿ ಬೇಕಾದ ಗಳಿಗೆಯಲ್ಲೇ ಒಡೆಯನಿಗೂ ಅದು ಬೇಕು. ಮೀನು ಬಿದ್ದ ದಿನವೂ ಹೀಗೆಯೇ. ಬಾಡಿಗೆಯ ದೋಣಿಯು ಕೆಲಸವಿಲ್ಲದ ದಿನ ದಡದಲ್ಲಿ ಕಾದು ಕುಳಿತಿದ್ದು, ಕೆಲಸವಿದ್ದ ದಿನ ಕೈಗೆ ಸಿಕ್ಕದೆ ಹೋಗುವುದರ ಗುಟ್ಟು ಇಷ್ಟೆ. ಇದರಲ್ಲಿ ಒಡೆಯನ ಕೆಟ್ಟತನವೇನೂ ಇಲ್ಲ.

ಸಾಗಾಟದ ಮಾತು ಬೇರೆ. ಬೈಹುಲ್ಲು ಈ ದಿನ ಬಂದರೂ ಆಯಿತು, ನಾಳೆ ಬಂದರೂ ಆಯಿತು. ತೆಂಗಿನಕಾಯಿ ಕೊಯ್ಲು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬರುವುದು. ಇಂತಹ ಕೆಲಸಕ್ಕೆ ಸ್ವಂತ ದೋಣಿ ಇಟ್ಟುಕೊಳ್ಳುವುದೆಂದರೆ, ವರ್ಷಕ್ಕೊಮ್ಮೆ ನೂರು ಮಂದಿಗೆ ಊಟ ಹಾಕುವವನು ನೂರು ಮಂದಿಯ ಪಾತ್ರೆ ಪಡಗಗಳನ್ನೆಲ್ಲ ಕೊಂಡು ಅಟ್ಟದ ಮೇಲಿಟ್ಟಂತೆ. ಆದಕಾರಣ, ಹೊಳೆಯ ಹೊತ್ತಿಗೆ ಕಟ್ಟುಬಿದ್ದ ಕೆಲಸಕ್ಕೆ ಸ್ವಂತ ದೋಣಿಯೂ, ನಮ್ಮ ಅನುಕೂಲದ ಹೊತ್ತಿನ ಕೆಲಸಕ್ಕೆ ಬಾಡಿಗೆಯ ದೋಣಿಯೂ ಯುಕ್ತವೆಂಬುದು ಮೊದಲನೆಯ ಸೂತ್ರ. ಕುದ್ರುವಿನ ಮನೆಗೆ ಮಾತ್ರ ಈ ಸೂತ್ರವೂ ಬೇಕಾಗಿಲ್ಲ. ನಡುರಾತ್ರಿ ಹೆರಿಗೆನೋವು ಬಂದಾಗ ಬಾಡಿಗೆಯ ದೋಣಿಗಾಗಿ ಆಚೆಯ ದಡಕ್ಕೆ ಕೂಗುವ ಸ್ಥಿತಿ ಯಾರಿಗೂ ಬರಬಾರದು.

ಲೆಕ್ಕದ ಪುಸ್ತಕ

ಇನ್ನು ಹಣದ ಲೆಕ್ಕ. ಮುಂದೆ ಕೊಡುವ ಅಂಕೆಗಳನ್ನು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಮಾತ್ರ ನಾವು ಇಟ್ಟುಕೊಂಡಿದ್ದೇವೆ. ವಾಚಕರು ಅವುಗಳ ಸ್ಥಾನದಲ್ಲಿ ತಮ್ಮ ಊರಿನ ಅಂಕೆಗಳನ್ನು ಹಾಕಿಕೊಳ್ಳಬೇಕು.

ದೋಣಿಯ ಬೆಲೆ ೬೦,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಅದು ಹತ್ತು ವರುಷ ಬಾಳುವುದೆಂದರೆ ವರುಷಕ್ಕೆ ಸವೆತ ೬,೦೦೦. ಎಣ್ಣೆ, ದುರಸ್ತಿ, ಹಗ್ಗ ಮೊದಲಾದ ಖರ್ಚು ವರುಷಕ್ಕೆ ಇನ್ನೊಂದು ೬,೦೦೦. ಆ ಹಣವನ್ನು ಬ್ಯಾಂಕಿನ ಮುದ್ದತು ಠೇವಣಿಯಲ್ಲಿಟ್ಟಿದ್ದರೆ ನೂರಕ್ಕೆ ೭ರಂತೆ ಬರುತ್ತಿದ್ದ ಬಡ್ಡಿ ೪,೨೦೦, ಅದೂ ನಷ್ಟವೇ. ಒಟ್ಟು ವರುಷಕ್ಕೆ ೧೬,೨೦೦ ರೂಪಾಯಿ. ಬಾಡಿಗೆಯ ದೋಣಿಗೆ ದಿನಕ್ಕೆ ೨೦೦ ರೂಪಾಯಿಯಾದರೆ, ಈ ಮೊತ್ತಕ್ಕೆ ೮೧ ದಿನ ದೋಣಿ ದೊರೆಯುತ್ತದೆ. ವರುಷದಲ್ಲಿ ೮೧ ದಿನಗಳಿಗಿಂತ ಹೆಚ್ಚು ನೀರಿಗಿಳಿಯುವವನು ಕೊಳ್ಳಬಹುದು. ಕಡಮೆಯಾದರೆ ಬಾಡಿಗೆಯೇ ಲಾಭ.

ಅದೇ ದೋಣಿಯನ್ನು ನೂರಕ್ಕೆ ೨೪ರ ಬಡ್ಡಿಯ ಕೈಸಾಲದಿಂದ ಕೊಂಡರೆಂದು ಭಾವಿಸಿ. ಮೊದಲ ವರುಷದ ಬಡ್ಡಿಯೇ ೧೪,೪೦೦. ಸವೆತ, ಖರ್ಚು ಸೇರಿ ೨೬,೪೦೦. ಈಗ ೮೧ ದಿನ ಸಾಲದು. ೧೩೨ ದಿನ ದುಡಿದರೆ ಮಾತ್ರ ಬಾಡಿಗೆಗೆ ಸರಿದೂಗುತ್ತದೆ. ದೋಣಿ ಅದೇ, ಹೊಳೆ ಅದೇ, ದುಡಿಯುವ ತೋಳೂ ಅದೇ. ಹಣ ಬಂದ ದಾರಿ ಬೇರೆಯಾದುದರಿಂದ ಲೆಕ್ಕವೇ ತಲೆಕೆಳಗಾಯಿತು. ಆದುದರಿಂದ ಗಂಟಿನಲ್ಲಿ ಹಣವಿಲ್ಲದೆ, ಚೀಟಿ ಎತ್ತಿಯೋ ಬಡ್ಡಿಗೆ ತಂದೋ ದೋಣಿ ಕೊಳ್ಳುವವರು ಈ ಎರಡನೆಯ ಲೆಕ್ಕವನ್ನು ಎರಡು ಬಾರಿ ಓದುವುದೊಳ್ಳೆಯದು.

ಸಾಲ ಮಾಡಲೇಬೇಕೆಂದರೆ ಊರಿನ ಸಾಹುಕಾರನ ಬಾಗಿಲಿಗೆ ಹೋಗುವ ಮುನ್ನ ಸರಕಾರದ ಬಾಗಿಲನ್ನು ತಟ್ಟಿ ನೋಡಬೇಕು. ೨೦೧೮-೧೯ರ ಕೇಂದ್ರ ಮುಂಗಡಪತ್ರವು ರೈತರ ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವನ್ನು ಮೀನುಗಾರರಿಗೂ ವಿಸ್ತರಿಸಿತು. ಬಲೆ, ಎಣ್ಣೆ ಮೊದಲಾದ ದಿನವಹಿ ಖರ್ಚಿಗೆ ಅದು ಒದಗುವಂತಹದು. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ನಿಯಮಗಳಲ್ಲಿ, ಸಾಂಪ್ರದಾಯಿಕ ಮೀನುಗಾರರಿಗೆ ದೋಣಿ ಬಲೆಗಳ ವೆಚ್ಚದಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ ೪೦ರಷ್ಟೂ, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ ಪಂಗಡಗಳವರಿಗೆ ನೂರಕ್ಕೆ ೬೦ರಷ್ಟೂ ಸಹಾಯಧನವನ್ನು ಹೇಳಿತ್ತು. ಕೊಳ್ಳುವ ಕಾಲಕ್ಕೆ ಯಾವ ಯೋಜನೆ ಜಾರಿಯಲ್ಲಿದೆ, ಯಾರಿಗೆ ಸಲ್ಲುತ್ತದೆ ಎಂಬುದನ್ನು ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ತಮ್ಮನೇ ಖುದ್ದಾಗಿ ವಿಚಾರಿಸಿ ಬರತಕ್ಕದ್ದು. ದೋಣಿ ಕೊಂಡಾದ ಮೇಲೆ ಅರ್ಜಿ ಹಾಕಿ ಕೈ ಸುಟ್ಟುಕೊಳ್ಳಬಾರದು.

ಮರ, ಹುಳ, ಬಿಸಿಲು

ಖರ್ಚಿನ ಅಂಕೆಯನ್ನು ನಾವು ಸುಮ್ಮನೆ ಬರೆದುದಲ್ಲ. ಮರದ ದೋಣಿಗೆ ಆರೈಕೆ ಬಹಳ ಬೇಕು. ಹಿಂದೆ ಮಾವು, ಹೆಬ್ಬಲಸಿನಂತಹ ದೊಡ್ಡ ಮರಗಳ ಬೊಡ್ಡೆಯನ್ನೇ ಕೊರೆದು ದೋಣಿ ಮಾಡುತ್ತಿದ್ದರು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕೂಡಿಸುವುದೂ ಇತ್ತು. ಅಂತಹ ಮರಗಳು ಈಗ ಅಪರೂಪ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಬಂದಂದಿನಿಂದ ಮರ ಕಡಿಯುವುದಕ್ಕೂ ಕಟ್ಟಳೆಗಳಿವೆ. ಆದುದರಿಂದ ಮಾರಾಟಕ್ಕೆ ಬರುವ ಮರದ ದೋಣಿಗಳಲ್ಲಿ ಹಳೆಯವೇ ಹೆಚ್ಚೆಂದು ತಿಳಿದೇ ವ್ಯವಹರಿಸಬೇಕು.

ಉಪ್ಪುನೀರಿನಲ್ಲಿ ಮರವನ್ನು ಕೊರೆಯುವ ಒಂದು ಜೀವಿ ಇದೆ. ಹುಳುವೆಂದು ಕರೆದರೂ ಅದು ಚಿಪ್ಪಿಯ ಜಾತಿಗೇ ಸೇರಿದ್ದು. ಸೂಜಿಮೊನೆಯಷ್ಟು ತೂತಿನಿಂದ ಒಳಹೊಕ್ಕು, ಒಳಗೇ ಬೆಳೆಯುತ್ತ ಸುರಂಗ ತೋಡುತ್ತದೆ. ಮೇಲಿನಿಂದ ನೋಡಿದರೆ ದೋಣಿ ಸುಭದ್ರ, ಒಳಗೆ ಟೊಳ್ಳು. ಸಿಹಿನೀರಿನಲ್ಲಿ ಇದು ಬಾಳದು. ದಡಕ್ಕೆಳೆದು ಚೆನ್ನಾಗಿ ಒಣಗಿಸಿದರೂ ಸಾಯುತ್ತದೆ. ಆದರೆ ಬಿಸಿಲಿನಲ್ಲೇ ಬಿಟ್ಟರೆ ಮರ ಸೀಳುತ್ತದೆ. ಆದಕಾರಣ ನೆರಳಿನಲ್ಲಿ ಒಣಗಿಸಿ, ತಳವನ್ನು ಕೆರೆದು, ಮೀನೆಣ್ಣೆಯನ್ನೋ ಗೇರುಸಿಪ್ಪೆಯ ಎಣ್ಣೆಯನ್ನೋ ಬಳಿದು, ಸಂದುಗಳನ್ನು ತುಂಬಿ ಕಾಪಾಡಬೇಕು. ಮಳೆಗಾಲದಲ್ಲಿ ನೆರೆ ಮುಟ್ಟದಷ್ಟು ಎತ್ತರಕ್ಕೆ ಏರಿಸಿ, ಮಡಲಿನ ಚಪ್ಪರದ ಕೆಳಗೆ ಇರಿಸಬೇಕು. ಇದಕ್ಕೆ ನಾಲ್ಕು ಆಳುಗಳ ಬಲವೂ ಹಿತ್ತಿಲಿನಲ್ಲಿ ಜಾಗವೂ ಬೇಕು. ಬಾಡಿಗೆಯವನು ಈ ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವನು ಕೊಡುವ ದಿನದ ಬಾಡಿಗೆಯಲ್ಲಿ ಈ ನಿಶ್ಚಿಂತೆಯ ಬೆಲೆಯೂ ಸೇರಿದೆ.

ಫೈಬರಿನ ದೋಣಿಗೆ ಹುಳದ ಭಯವಿಲ್ಲ, ಹಗುರವೂ ಹೌದು. ಆದರೆ ಬಂಡೆಗೆ ತಾಗಿ ಒಡೆದರೆ ಊರಿನ ಆಚಾರಿಯ ಉಳಿ ಬಾಚಿಗಳಿಂದ ಅದು ಸರಿಹೋಗದು. ಅದರ ಕೆಲಸ ಬಲ್ಲವರೇ ಬೇಕು. ಅಂತಹವರು ಹತ್ತಿರದಲ್ಲಿ ಇದ್ದಾರೆಯೇ ಎಂದು ವಿಚಾರಿಸದೆ ಕೊಳ್ಳಬಾರದು.

ಹುಟ್ಟು ಹಾಕುವವರಾರು?

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದನ್ನು ನಮ್ಮವರು ಸಂಕೋಚದಿಂದ ಕೇಳದೆ ಬಿಡುತ್ತಾರೆ. ತಮ್ಮನು ಊರಿನಲ್ಲಿ ನಿಲ್ಲುವವನೇ? ಈ ವರುಷ ದೋಣಿ ಬೇಕೆಂದವನು ಮುಂದಿನ ವರುಷ "ನನಗೂ ಅಲ್ಲೊಂದು ಕೆಲಸ ನೋಡು" ಎಂದು ಮುಂಬಯಿಗೆ ರೈಲು ಹತ್ತಿದರೆ, ದೋಣಿಯು ಹಿತ್ತಿಲಿನಲ್ಲಿ ಮಳೆನೀರು ತುಂಬಿಕೊಂಡು ಕೂರುತ್ತದೆ. ಮುದುಕ ತಂದೆಗೆ ಅದನ್ನು ನೀರಿಗೆ ನೂಕುವ ಶಕ್ತಿಯಿಲ್ಲ, ಮಾರಲು ಮನಸ್ಸಿಲ್ಲ. ಹೀಗೆ ಕೈಯಿಲ್ಲದ ದೋಣಿಗಳನ್ನು ನಾವು ಹೊಳೆಯ ದಡಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ.

ಕಾಲದ ಗತಿಯನ್ನೂ ನೋಡಬೇಕು. ಹತ್ತಾರು ಮಂದಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯು ಒಂದು ಕಾಲಕ್ಕೆ ಕರಾವಳಿಯ ಜೀವನಾಡಿಯಾಗಿತ್ತು. ೧೯೭೦ರ ದಶಕದ ನಡುಭಾಗದಲ್ಲಿ ಯಂತ್ರದೋಣಿಗಳ ಪರ್ಸಿನ್ ಬಲೆ ಬಂದು, ಕೆಲವೇ ವರುಷಗಳಲ್ಲಿ ರಂಪಣಿಯು ಹಿಂದೆ ಸರಿಯಿತು. ರಂಪಣಿಯ ದೋಣಿಗಳ ಮರವೇನೂ ಕೆಟ್ಟಿರಲಿಲ್ಲ; ಅವುಗಳ ಕೆಲಸ ಹೋಗಿತ್ತು. ಕಡವಿನ ದೋಣಿಗಳ ಕಥೆಯೂ ಇದೇ. ಸೇತುವೆಯಾದ ಮರುದಿನ ಅಂಬಿಗನ ದೋಣಿಗೆ ಗಿರಾಕಿಯಿಲ್ಲ. ಆದುದರಿಂದ, ಮಾರುವವನು ಏಕೆ ಮಾರುತ್ತಿದ್ದಾನೆ, ಆ ಜಾಗದಲ್ಲಿ ಸೇತುವೆಯ ಮಾತೇನಾದರೂ ಇದೆಯೇ ಎಂದು ತಿಳಿದುಕೊಳ್ಳುವುದು ದೋಣಿಯ ತಳವನ್ನು ಪರೀಕ್ಷಿಸುವಷ್ಟೇ ಅಗತ್ಯ.

ಕೊಳ್ಳುವುದೇ ಆದರೆ

ಇಷ್ಟೆಲ್ಲ ತೂಗಿನೋಡಿದ ಮೇಲೆಯೂ ಕೊಳ್ಳುವುದೇ ಸರಿಯೆಂದು ತೋರಿದರೆ, ಕೆಲವು ಮಾತುಗಳನ್ನು ಮರೆಯಬಾರದು. ಭಾವಚಿತ್ರ ನೋಡಿ ಹಣ ಕಳುಹಿಸಬೇಡಿ. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದಂದಿನಿಂದ ಊರಿಗೆ ಹೋಗಿಬರುವುದು ಮೊದಲಿನಷ್ಟು ಪ್ರಯಾಸದ್ದಲ್ಲ. ರಜೆಯಲ್ಲಿ ಹೋದಾಗ, ಮಾರುವವನ ಕಡೆಯವನಲ್ಲದ ಹಳೆಯ ಅಂಬಿಗನೊಬ್ಬನನ್ನು ಕರೆದುಕೊಂಡು ಹೋಗಿ ನೋಡಿ. ದೋಣಿಯನ್ನು ದಡಕ್ಕೆಳೆಸಿ, ಮಗುಚಿ ಹಾಕಿಸಿ, ತಳವನ್ನು ಚೂರಿಯ ಹಿಡಿಯಿಂದ ತಟ್ಟಿಸಿ; ಗಟ್ಟಿ ಮರದ ಸದ್ದೂ ಟೊಳ್ಳಿನ ಸದ್ದೂ ಬಲ್ಲವನ ಕಿವಿಗೆ ಬೇರೆ ಬೇರೆಯಾಗಿಯೇ ಕೇಳುತ್ತವೆ. ಹೊಸದಾಗಿ ಬಳಿದ ಬಣ್ಣವನ್ನು ಕಂಡು ಮರುಳಾಗಬೇಡಿ. ಬಣ್ಣವು ಎಷ್ಟೋ ತೇಪೆಗಳನ್ನು ಮುಚ್ಚುತ್ತದೆ. ಭಾರ ಹೇರಿ ಒಂದು ಗಂಟೆ ಹೊಳೆಯಲ್ಲಿ ನಿಲ್ಲಿಸಿ, ಎಷ್ಟು ನೀರು ಜಿನುಗಿತೆಂದು ನೋಡಿ. ಮಳೆಗಾಲದ ಹೊಸ್ತಿಲಲ್ಲಿ ಮಾರುವವನು ನಾಲ್ಕು ತಿಂಗಳ ಆರೈಕೆಯನ್ನು ನಿಮ್ಮ ತಲೆಗೆ ದಾಟಿಸುತ್ತಿದ್ದಾನೆಂಬುದನ್ನು ನೆನಪಿಟ್ಟು ಬೆಲೆ ಮಾತಾಡಿ.

ಕಾಗದಪತ್ರದ ವಿಷಯದಲ್ಲಿ ನಮ್ಮವರ ಔದಾಸೀನ್ಯವು ಹೆಚ್ಚು. ಕಡಲಿನಲ್ಲಿ ಮೀನು ಹಿಡಿಯುವ ದೋಣಿಗಳಿಗೆ ೧೯೮೬ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯುಂಟು. ನೋಂದಣಿಯಾಗಿದ್ದರೆ ಅದು ಹೊಸ ಒಡೆಯನ ಹೆಸರಿಗೆ ಬದಲಾಗಬೇಕು. ಜೂನ್ ೧ರಿಂದ ಜುಲೈ ೩೧ರವರೆಗಿನ ೬೧ ದಿನಗಳ ನಿಷೇಧವು ಯಂತ್ರದೋಣಿಗಳಿಗೆ ಸಂಬಂಧಿಸಿದ್ದು, ಹುಟ್ಟು ಹಾಕುವ ನಾಡದೋಣಿಗಲ್ಲ. ಆದರೆ ಕಾಯಿದೆಯು ಬಿಟ್ಟಿತೆಂದು ಮಳೆಗಾಲದ ಅಳಿವೆಯು ಬಿಡುವುದಿಲ್ಲ. ೨೦೧೯ರ ಜನವರಿಯಲ್ಲಿ, ಮಳೆಗಾಲವೇ ಅಲ್ಲದ ಹೊತ್ತಿನಲ್ಲಿ, ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದುದನ್ನು ಕರಾವಳಿಯವರು ಮರೆತಿಲ್ಲ. ಮನೆಯಲ್ಲಿ ಎಷ್ಟು ಮಂದಿ ದೋಣಿ ಹತ್ತುವರೋ ಅಷ್ಟು ಜೀವರಕ್ಷಕ ಅಂಗಿಗಳ ಬೆಲೆಯನ್ನು ದೋಣಿಯ ಬೆಲೆಯೊಡನೆಯೇ ಸೇರಿಸಿ ಕಳುಹಿಸಿ. ಪ್ರವಾಸಿಗಳನ್ನು ಕೂರಿಸುವ ಆಲೋಚನೆಯಿದ್ದರೆ ಪರವಾನಗಿ, ವಿಮೆಗಳ ವಿಚಾರ ಮುಗಿಯದೆ ಒಬ್ಬನನ್ನೂ ಹತ್ತಿಸಕೂಡದು.

ಕೊನೆಯದಾಗಿ, ದೋಣಿ ಯಾರದು ಎಂಬುದನ್ನು ಕೊಳ್ಳುವ ದಿನವೇ ಬರೆದಿಡಬೇಕು. ಹಣ ಅಣ್ಣನದು, ದುಡಿತ ತಮ್ಮನದು. ಹತ್ತು ವರುಷದ ಮೇಲೆ ಮನೆ ಪಾಲಾಗುವಾಗ ಇಬ್ಬರೂ "ನನ್ನದು" ಎನ್ನುತ್ತಾರೆ, ಇಬ್ಬರ ಮಾತಿನಲ್ಲೂ ಸತ್ಯವಿರುತ್ತದೆ. ಇದಕ್ಕೆ ಕರಾವಳಿಯ ಮೀನುಗಾರರಲ್ಲಿ ಒಳ್ಳೆಯ ವಾಡಿಕೆಯೊಂದಿದೆ. ಹಿಡಿದ ಮೀನಿನ ಹಣದಲ್ಲಿ ಖರ್ಚು ಕಳೆದು ಉಳಿದುದನ್ನು ಪಾಲು ಮಾಡುವಾಗ, ದುಡಿದವರಿಗೆ ಪಾಲು ಇರುವಂತೆ ದೋಣಿಗೂ ಬಲೆಗೂ ಒಂದು ಪಾಲು ತೆಗೆಯುತ್ತಾರೆ. ಅಣ್ಣತಮ್ಮಂದಿರೂ ಹಾಗೆಯೇ ದೋಣಿಯ ಪಾಲನ್ನು ಬೇರೆ ತೆಗೆದು, ಅದರಿಂದ ಮೊದಲು ದುರಸ್ತಿ, ಬಳಿಕ ಅಣ್ಣನ ಅಸಲು ಎಂದು ನಿಶ್ಚಯಿಸಿಕೊಂಡರೆ, ಅಸಲು ತೀರಿದ ದಿನ ದೋಣಿಯು ನ್ಯಾಯವಾಗಿ ತಮ್ಮನದಾಗುತ್ತದೆ. ದಾನವೂ ಅಲ್ಲ, ಋಣವೂ ಉಳಿಯದು.

ನಮ್ಮ ಅಭಿಪ್ರಾಯ

ನಮಗೆ ತೋರುವ ಮಾರ್ಗವಿದು. ಕುದ್ರುವಿನಲ್ಲಿ ಮನೆಯುಳ್ಳವರು ಹೇಗಾದರೂ ಸಣ್ಣದೊಂದು ಸ್ವಂತ ದೋಣಿ ಇಟ್ಟುಕೊಳ್ಳಲಿ. ಆಗೊಮ್ಮೆ ಈಗೊಮ್ಮೆ ಕಾಯಿ, ಹುಲ್ಲು ಸಾಗಿಸುವವರು ಬಾಡಿಗೆಯಲ್ಲೇ ಇರಲಿ, ಅಥವಾ ನಾಲ್ಕು ನೆರೆಮನೆಗಳವರು ಕೂಡಿ ಒಂದನ್ನು ಕೊಳ್ಳಲಿ. ಮೀನು, ಚಿಪ್ಪಿಗಳನ್ನು ಕಸುಬಾಗಿ ಹಿಡಿಯುವವರು ಮೊದಲು ಒಂದು ಪೂರ್ತಿ ವರುಷ, ಮಳೆಗಾಲವನ್ನೂ ಸೇರಿಸಿ, ಬಾಡಿಗೆಯ ದೋಣಿಯಲ್ಲಿ ದುಡಿಯಲಿ. ನೀರಿಗಿಳಿದ ದಿನಗಳನ್ನೂ ದೋಣಿ ಸಿಕ್ಕದೆ ಹೋದ ದಿನಗಳನ್ನೂ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಲಿ. ವರುಷಾಂತ್ಯದಲ್ಲಿ ಆ ಗುರುತುಗಳನ್ನು ಎಣಿಸಿದರೆ ಅಣ್ಣನು ಕೇಳಬೇಕಾದುದೂ ಇಲ್ಲ, ತಮ್ಮನು ವಾದಿಸಬೇಕಾದುದೂ ಇಲ್ಲ.

ಇದರಲ್ಲಿ ಒಂದು ವರುಷ ತಡವಾಗುವುದು ನಿಜ. ಈಗ ಮಾರಾಟಕ್ಕಿರುವ ದೋಣಿ ಕೈತಪ್ಪಬಹುದು. ಆದರೆ ಹೊಳೆಯಲ್ಲಿ ದೋಣಿಗಳು ಇನ್ನೂ ಬರುತ್ತವೆ. ಹನ್ನೆರಡು ವರುಷ ಒಲೆಯ ಮುಂದೆ ನಿಂತು ಕೂಡಿಟ್ಟ ಗಂಟು ಇನ್ನೊಮ್ಮೆ ಬರಬೇಕಾದರೆ ಇನ್ನೂ ಹನ್ನೆರಡು ವರುಷ ಬೇಕು.